ಹೊಳೆಯ ಮಂಜು ನಿಂತಲ್ಲೇ ಸುತ್ತುವುದೇಕೆ

ನಮ್ಮ ಮನೆತನ ಹಳೆಯದು. ಬಿಳಿಗಲ್ಲು ಕಡವಿನಲ್ಲಿ ಹರಿಗೋಲು ಕಟ್ಟುವ ಕೆಲಸ ನಮ್ಮದೇ. ಎಷ್ಟು ತಲೆಮಾರಿನಿಂದ ಎಂದು ಎಣಿಸಲು ಹೋದರೆ ಕೈಬೆರಳು ಸಾಲುವುದಿಲ್ಲ. ಸೇತುವೆ ಬರುವ ಮುಂಚೆ ಮದುವೆಯ ದಿಬ್ಬಣ, ಅಂಚೆಯ ಚೀಲ, ಅಮಲ್ದಾರರ ಕುದುರೆ, ಹೆರಿಗೆ ನೋವು ತಿನ್ನುತ್ತಿದ್ದ ಹೆಂಗಸರು, ಎಲ್ಲರೂ ನಮ್ಮ ಹರಿಗೋಲಿನಲ್ಲೇ ಹೊಳೆ ದಾಟಿದರು. ಯಾರ ಸೆರಗೂ ನೆನೆಯಲಿಲ್ಲ. ನನ್ನನ್ನು ಕಾನ್ವೆಂಟಿಗೆ ಸೇರಿಸಿದ ದಿನ ಮದರ್ ಸುಪೀರಿಯರ್ ನನ್ನ ತಂದೆಯವರನ್ನು ಕುರ್ಚಿ ಕೊಟ್ಟು ಕೂರಿಸಿ ಮಾತಾಡಿಸಿದರು. ಅವರೂ ಮಳೆಗಾಲದಲ್ಲಿ ನಮ್ಮ ಹರಿಗೋಲು ಹತ್ತಿದವರೇ.

ಈ ಕತೆ ಆ ಮನೆಯದು. ಆದ್ದರಿಂದ ಮಕ್ಕಳೇ, ಬೆನ್ನು ನೆಟ್ಟಗೆ ಮಾಡಿ ಕುಳಿತುಕೊಳ್ಳಿ. ಕಾಲು ಅಲ್ಲಾಡಿಸಬೇಡಿ.

ಲೋಕ ಇನ್ನೂ ಹಸಿಯಾಗಿದ್ದ ಕಾಲ. ಬೆರಳಿಟ್ಟರೆ ಬಂಡೆಗಳು ತಗ್ಗುತ್ತಿದ್ದವು. ಯಾವ ಕಡೆ ಹರಿಯಬೇಕು ಎಂಬುದು ಹೊಳೆಗೆ ಆಗಷ್ಟೇ ಗೊತ್ತಾಗಿತ್ತು. ಆಗ ಎಲ್ಲಕ್ಕೂ ದನಿ ಇತ್ತು. ಕಪ್ಪೆಗೆ ಇತ್ತು, ನಾಯಿಗೆ ಇತ್ತು, ಮೊಲಕ್ಕೆ ಇತ್ತು, ಮೀನಿಗೂ ಇತ್ತು. ಮೀನಂತೂ ಬಹಳ ಮಾತಾಡುತ್ತಿತ್ತು.

ದನಿ ಇಲ್ಲದ್ದು ಒಂದೇ. ಅದು ಮಂಜು.

ಮಂಜು ಬೆಟ್ಟದ ಸಂದಿನಲ್ಲಿ ಇರುತ್ತಿತ್ತು. ಬಂದರೆ ಹೆಜ್ಜೆಯ ಸಪ್ಪಳವಿಲ್ಲ, ಹೋದರೆ ಹೋದ ಸಪ್ಪಳವಿಲ್ಲ. ಕರೆದರೆ ಓಗೊಡದು. ಹಾಗಾಗಿ ಯಾರೂ ಅದನ್ನು ಕರೆಯುತ್ತಲೂ ಇರಲಿಲ್ಲ. ಅದು ಎಲ್ಲರ ಮಾತನ್ನೂ ಕೇಳಿಸಿಕೊಂಡು ಸುಮ್ಮನೆ ನಿಂತಿರುತ್ತಿತ್ತು.

ಕಡವಿನಲ್ಲಿ ಕೇತವ್ವ ಇದ್ದಳು. ನಮ್ಮ ಮೂಲದಜ್ಜಿ ಅವಳೇ. ಆಗ ಅವಳಿಗೆ ಚಿಕ್ಕ ವಯಸ್ಸು, ಮಡಿಲಲ್ಲಿ ಮೂರು ತಿಂಗಳ ಕೂಸು. ಗಂಡ ಬಿದಿರು ಕಡಿಯಲು ಬೆಟ್ಟ ಹತ್ತಿದ್ದ. ದೋಣಿ ಬೇಕು ಎಂದು ಯಾರು ಬಂದರೂ ಕೇತವ್ವ ಮೂರು ಮಾತು ಕೇಳುತ್ತಿದ್ದಳು.

“ಏನು ಹೊರಬೇಕು? ಎಲ್ಲಿಗೆ ಹೋಗಬೇಕು? ಹುಟ್ಟು ಹಾಕುವವರು ಯಾರು?”

ಮೂರಕ್ಕೂ ಉತ್ತರ ಬರುವ ತನಕ ಬಿದಿರಿಗೆ ಕತ್ತಿ ತಾಗಿಸುತ್ತಿರಲಿಲ್ಲ. ಆಚೆ ದಡಕ್ಕೆ ಎಮ್ಮೆ ಸಾಗಿಸುವವರಿಗೆ ಅಗಲವಾದ ದುಂಡು ಹರಿಗೋಲು. ಒಬ್ಬನೇ ಮೀನು ಹಿಡಿಯುವವನಿಗೆ ತಲೆಯ ಮೇಲೆ ಹೊತ್ತು ನಡೆಯುವಷ್ಟು ಚಿಕ್ಕದು. ಹೊಳೆಯ ಗುಂಟ ಕಡಲಿಗೆ ಹೋಗುವವರಿಗೆ ಬೇರೆಯೇ: ದೊಡ್ಡ ಮರದ ದಿಮ್ಮಿ ಕೊರೆದು, ಮುಂದೆ ಚೂಪಾದ ಮೂತಿ ತಿದ್ದಿ, ಅಡಿಯಲ್ಲಿ ಬೆನ್ನುಮೂಳೆಯಂಥ ಏಣು ಬಿಟ್ಟ ದೋಣಿ. “ದಾಟುವವರಿಗೆ ದುಂಡು, ದೂರದವರಿಗೆ ಮೂತಿ.” ನಮ್ಮ ಮನೆಯಲ್ಲಿ ಮಕ್ಕಳಿಗೆ ಅಕ್ಷರಕ್ಕಿಂತ ಮೊದಲು ಇದನ್ನು ಕಲಿಸುತ್ತಿದ್ದರು.

ಒಂದು ಮುಸ್ಸಂಜೆ ಬೇಲಿಯ ಆಚೆಯಿಂದ ಟಿಟ್ಟಿಭ ಹಕ್ಕಿಯ ದನಿ ಬಂತು.

“ಕೇತವ್ವಾ, ನನಗೊಂದು ದೋಣಿ ಕಟ್ಟಿಕೊಡು.”

ಕೇತವ್ವ ತಲೆ ಎತ್ತಿದಳು. ಹಕ್ಕಿ ಕಾಣಲಿಲ್ಲ. ಬೇಲಿ ಕೂಡ ಸರಿಯಾಗಿ ಕಾಣಲಿಲ್ಲ, ಅಲ್ಲೆಲ್ಲ ಬೆಳ್ಳಗೆ ಇತ್ತು.

“ರೆಕ್ಕೆ ಇರುವವಳಿಗೆ ದೋಣಿ ಯಾಕಮ್ಮ? ಸೊಕ್ಕೋ, ಸೋಮಾರಿತನವೋ?” ಎಂದು ನಕ್ಕಳು. “ಇರಲಿ. ಏನು ಹೊರಬೇಕು?”

“ಇಬ್ಬನಿ.”

“ಎಲ್ಲಿಗೆ?”

“ಇಲ್ಲೇ, ಆಚೆ ದಡಕ್ಕೆ.”

“ಹುಟ್ಟು ಹಾಕುವವರು?”

“ನಾನೇ. ನಾಳೆ ಬೆಳಕು ಹರಿಯುವುದರೊಳಗೆ ಆಗಬೇಕು.”

ಕೇತವ್ವ ಮೂರು ಉತ್ತರವನ್ನೂ ನಂಬಿದಳು. ನಮ್ಮವರು ಕೇಳುತ್ತಾರೆ, ಕೇಳಿದ ಮೇಲೆ ನಂಬುತ್ತಾರೆ. ದೋಣಿ ಬೇಕು ಎಂದವರ ಮುಖ ನೋಡಬೇಕಿತ್ತು ಎನ್ನುವುದು ಅವಳಿಗೆ ಆಗ ಹೊಳೆಯಲಿಲ್ಲ.

ಅವಳು ಬಿದಿರು ಸೀಳಿದಳು, ಬುಟ್ಟಿಯಂತೆ ಹೆಣೆದಳು. ಮುದಿ ಎಮ್ಮೆಯೊಂದು ಸಾಯುವಾಗ ಕೊಟ್ಟು ಹೋಗಿದ್ದ ತೊಗಲನ್ನು ಹೊದಿಸಿದಳು, ಹೊಲಿಗೆಗೆ ರಾಳ ಮೆತ್ತಿದಳು. ಹೆಣೆಯುವಾಗ ಒಂದು ಬಿದಿರಿನ ಎಳೆಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುವುದು ನಮ್ಮ ಕೆಲಸದ ರೂಢಿ, ಏಕೆಂದರೆ ಎರಡೂ ಕೈಗೆ ಬಿಡುವಿರುವುದಿಲ್ಲ. ಕೊನೆಯ ಗಂಟು ಹಾಕಿ ಮುಗಿಸುವಷ್ಟರಲ್ಲಿ ಕೇತವ್ವನಿಗೆ ಎಂಥ ದಣಿವು ಎಂದರೆ, ಆ ಎಳೆಯನ್ನು ಕಚ್ಚಿಕೊಂಡೇ ಗೋಡೆಗೆ ಒರಗಿ ನಿದ್ದೆ ಹೋದಳು.

ಎಚ್ಚರವಾದಾಗ ಆಗತಾನೇ ಬೆಳಕು ಹರಿಯುತ್ತಿತ್ತು. ಅವಳ ರವಿಕೆ ಹಾಲಿನಿಂದ ಒದ್ದೆಯಾಗಿತ್ತು. ಕೂಸಿಗೆ ಹಸಿವಾಗಿದೆ ಎಂದು ಎದೆಗೆ ಗೊತ್ತಾಗಿದೆ, ಆದರೆ ಅಳು ಕೇಳಿಸಿಲ್ಲ. ತೊಟ್ಟಿಲಿಗೆ ಬಗ್ಗಿ ನೋಡಿದಳು.

ಕೂಸು ಅಳುತ್ತಿತ್ತು. ಮುಖ ಕೆಂಪಾಗಿತ್ತು, ಮುಷ್ಟಿ ಬಿಗಿದಿತ್ತು, ಬಾಯಿ ಪೂರ್ತಿ ತೆರೆದಿತ್ತು. ಸದ್ದು ಮಾತ್ರ ಇರಲಿಲ್ಲ.

ಅಂಗಳದಲ್ಲಿ ನಾಯಿ ಬೊಗಳುತ್ತಿತ್ತು. ಸದ್ದಿಲ್ಲ. ಹುಂಜ ಕತ್ತು ಚಾಚಿ ಕೂಗುತ್ತಿತ್ತು. ಸದ್ದಿಲ್ಲ. ರಾತ್ರಿ ಬಾಯಿ ತೆರೆದು ಮಲಗಿದವರೆಲ್ಲರ ದನಿ ಹೋಗಿತ್ತು. ಊರಲ್ಲಿ, ಬಿದಿರಿನ ಎಳೆ ಕಚ್ಚಿ ಮಲಗಿದ್ದ ಕೇತವ್ವನದೊಂದೇ ಉಳಿದಿತ್ತು. ಕಟ್ಟಿಟ್ಟಿದ್ದ ಹರಿಗೋಲೂ ಅಂಗಳದಲ್ಲಿ ಇರಲಿಲ್ಲ.

ಕೂಸನ್ನು ಅವುಚಿಕೊಂಡು ಅವಳು ಹೊಳೆಗೆ ಓಡಿದಳು.

ಹೊಳೆಯ ನಡುವೆ ಹರಿಗೋಲು ಸುತ್ತುತ್ತಿತ್ತು. ಒಳಗೆ ಬೆಳ್ಳಗೆ ಎತ್ತರಕ್ಕೆ ಮಂಜು ನಿಂತಿತ್ತು. ಅದರ ಕಾಲ ಬಳಿ ದನಿಗಳು ರಾಶಿಯಾಗಿ ಬಿದ್ದಿದ್ದವು: ಕಪ್ಪೆಯ ವಟವಟ, ನಾಯಿಯ ಬೊಗಳು, ಮೀನಿನ ಹರಟೆ, ಮತ್ತು ಎಲ್ಲಕ್ಕೂ ಅಡಿಯಲ್ಲಿ ಅವಳ ಕೂಸಿನ ಅಳು. ಮಂಜು ಹುಟ್ಟು ಹಾಕುತ್ತಿತ್ತು. ಹಾಕಿದಷ್ಟೂ ಹರಿಗೋಲು ಸುತ್ತುತ್ತಿತ್ತು, ಒಂದು ಮಾರೂ ಕೆಳಕ್ಕೆ ಇಳಿಯುತ್ತಿರಲಿಲ್ಲ.

“ಕೇತವ್ವಾ!” ಎಂದು ಮಂಜು ಕೂಗಿತು. ಅರ್ಧ ಟಿಟ್ಟಿಭದ ದನಿ, ಅರ್ಧ ಮುದುಕನೊಬ್ಬನ ಕೆಮ್ಮು. “ನಿನ್ನ ದೋಣಿ ಸರಿಯಿಲ್ಲ! ಇದಕ್ಕೆ ಮೂತಿಯೇ ಇಲ್ಲ!”

“ಇಬ್ಬನಿ ಹೊರಬೇಕು ಎಂದೆ, ಆಚೆ ದಡಕ್ಕೆ ಎಂದೆ. ದಾಟುವ ದೋಣಿಗೆ ಮೂತಿ ಯಾಕೆ?”

ಹರಿಗೋಲು ಒಂದು ಸುತ್ತು ಬಂತು.

ಹೊಳೆಗೆ ನಿದ್ದೆ ಎಂಬುದೇ ಇಲ್ಲ, ಹಾಗಾಗಿ ಅದರ ದನಿ ಹೋಗಿರಲಿಲ್ಲ. ಅದು ತಡೆಯಲಾರದೆ ಬಾಯಿ ಹಾಕಿತು. “ಕಡಲಿಗೆ ಹೋಗುತ್ತದಂತೆ ಕೇತವ್ವ. ಅಲ್ಲಿನ ಮೊರೆತದಲ್ಲಿ ಯಾರ ದನಿ ಯಾರದು ಎಂದು ಯಾರೂ ಕೇಳುವುದಿಲ್ಲವಂತೆ. ರಾತ್ರಿಯಿಂದ ನನ್ನ ಬೆನ್ನ ಮೇಲೆ ಗಾಣದೆತ್ತಿನ ಹಾಗೆ ಸುತ್ತುತ್ತಿದೆ. ನನಗೆ ತಲೆ ಸುತ್ತು ಬಂತು.”

“ಕಡಲಿನ ದೋಣಿ ಕಟ್ಟಿಕೊಡು,” ಎಂದಿತು ಮಂಜು. ಈ ಸಲ ಅದು ಮಾತಾಡಿದ್ದು ಕೂಸಿನ ದನಿಯಲ್ಲಿ. ಹಲ್ಲು ಬಾರದ ಕೂಸಿನ ದನಿಯಲ್ಲಿ ದೊಡ್ಡವರ ಮಾತು ಕೇಳಿ ಕೇತವ್ವ ಕೂಸನ್ನು ಇನ್ನಷ್ಟು ಅವುಚಿಕೊಂಡಳು. “ಮೂತಿ ಇರುವ ದೋಣಿ ಕಟ್ಟಿಕೊಡು. ಈ ಒಂದು ದನಿಯನ್ನು ನಿನಗೆ ಹಿಂದಕ್ಕೆ ಕೊಡುತ್ತೇನೆ. ಉಳಿದವು ನಿನಗೇನಾಗಬೇಕು?”

ಮಡಿಲಲ್ಲಿ ಕೂಸು ಬಾಯಿ ತೆರೆದು ಅವಳನ್ನೇ ನೋಡುತ್ತಿತ್ತು. ಕಟ್ಟಿಕೊಟ್ಟರೆ ಕೂಸು ಅಳುತ್ತದೆ, ನಗುತ್ತದೆ, ಒಂದು ದಿನ ಅವ್ವಾ ಎನ್ನುತ್ತದೆ. ಊರು ಮಾತ್ರ ಎಂದೆಂದಿಗೂ ಹೀಗೇ ಇರುತ್ತದೆ.

ಕೇತವ್ವ ಸೆರಗು ಬಿಗಿದು ಕೇಳಿದಳು, “ಏನು ಹೊರಬೇಕು?”

“ದನಿ.”

“ಎಲ್ಲಿಗೆ?”

“ಕಡಲಿಗೆ.”

“ಯಾರ ದನಿ?”

ಅದು ಮೂರು ಮಾತಿನಲ್ಲಿ ಇರದ ಮಾತು. ಮಂಜು ಅವಸರದಲ್ಲಿ ಹುಟ್ಟು ಹಾಕಿತು. ಹರಿಗೋಲು ಇನ್ನೊಂದು ಸುತ್ತು ಬಂತು. ಆ ಸುತ್ತಿನಲ್ಲಿ ಅದರ ಅಂಚು ದಡದ ಹತ್ತಿರಕ್ಕೆ ವಾಲಿತು, ಅಡಿಯಲ್ಲಿದ್ದ ಅಳು ತನ್ನ ಬಾಯಿಯನ್ನು ಕಂಡು ಒಮ್ಮೆ ಬಿಕ್ಕಿತು.

ಕೇತವ್ವ ಅದನ್ನು ಗಮನಿಸಿದಳು. ಮೂತಿ ಇರುವ ದೋಣಿ ಮುಂದೆ ನೋಡಿಕೊಂಡು ಹೋಗುತ್ತದೆ, ಹಿಂದಿನದನ್ನು ಬಿಟ್ಟೇ ಹೋಗುತ್ತದೆ. ದುಂಡು ಹರಿಗೋಲು ಹಾಗಲ್ಲ. ಅದು ತನ್ನೊಳಗೆ ಇರುವುದನ್ನೆಲ್ಲ ಸುತ್ತಿಗೊಮ್ಮೆ ದಡಕ್ಕೆ ತೋರಿಸುತ್ತದೆ.

“ಕಟ್ಟಿಕೊಡುವುದಿಲ್ಲ,” ಎಂದಳು. ಊರ ಕಡೆ ತಿರುಗಿ, ಊರಿಗೆ ಉಳಿದಿದ್ದ ಒಂದೇ ದನಿಯಲ್ಲಿ ಕೂಗಿದಳು, “ಎಲ್ಲರೂ ದಡಕ್ಕೆ ಬನ್ನಿ! ಬಾಯಿ ತೆರೆದು ನಿಲ್ಲಿ!”

ಬಂದರು. ಮುದುಕರು ಬಂದರು, ಹೆಂಗಸರು ಬಂದರು, ನಾಯಿ ಬಂತು, ಹುಂಜ ಬಂತು, ಕಪ್ಪೆಗಳು ಸಾಲಾಗಿ ಕುಳಿತವು. ಯಾರೂ ಮಾತಾಡಲಿಲ್ಲ, ಮಾತಾಡಲು ಯಾರಲ್ಲೂ ಏನೂ ಇರಲಿಲ್ಲ. ಆ ಬೂದಿ ಬಣ್ಣದ ಬೆಳಕಿನಲ್ಲಿ ದಡದ ಉದ್ದಕ್ಕೂ ಬರೀ ತೆರೆದ ಬಾಯಿಗಳು.

ಮಂಜು ಹೆದರಿ ಜೋರಾಗಿ ಹುಟ್ಟು ಹಾಕಿತು. ಜೋರಾಗಿ ಹಾಕಿದಷ್ಟೂ ಹರಿಗೋಲು ಜೋರಾಗಿ ಸುತ್ತಿತು. ಒಂದು ಸುತ್ತಿಗೆ ಕೂಸಿನ ಅಳು ನೆಗೆದು ಬಂದು ಕೂಸಿನ ಬಾಯಿ ಸೇರಿತು. ಅಷ್ಟು ಗಟ್ಟಿಯಾದ ಅಳುವನ್ನು ಆ ಕಡವು ಮತ್ತೆ ಕೇಳಿಲ್ಲ. ಕೇತವ್ವ ಅಲ್ಲೇ ಮರಳಿನಲ್ಲಿ ಕುಳಿತು ಹಾಲೂಡಿಸಿದಳು. ಇನ್ನೊಂದು ಸುತ್ತಿಗೆ ನಾಯಿಯ ದನಿ ಹಾರಿತು. ಮತ್ತೊಂದಕ್ಕೆ ಹುಂಜನದು. ಟಿಟ್ಟಿಭಕ್ಕೆ ದನಿ ಸಿಕ್ಕಿದ ಕೂಡಲೇ ಅದು ಮಂಜಿನ ನೆತ್ತಿಯ ಮೇಲೆ ಹಾರಾಡುತ್ತ, “ಕಳ್ಳ! ಕಳ್ಳ! ಸಂಜೆ ನಾನು ಬಾಯಿ ತೆರೆದು ತೂಕಡಿಸುವಾಗ ದನಿ ಕದ್ದು, ಅದರಲ್ಲೇ ಸುಳ್ಳು ಹೇಳಿದೆಯಾ? ನನ್ನ ಮರ್ಯಾದೆ ಏನಾಗಬೇಕು?” ಎಂದು ಬೈಯಿತು.

ಮೊಲ ಮಾತ್ರ ಬರಲಿಲ್ಲ, ಪೊದೆಯಲ್ಲಿ ಹೆದರಿ ಕುಳಿತಿತ್ತು. ಮೀನು ನೀರಿನ ಅಡಿಯಲ್ಲಿತ್ತು, ಅದಕ್ಕೆ ಕೂಗು ಮುಟ್ಟಲಿಲ್ಲ. ರಾತ್ರಿ ಇಲ್ಲಿ ಮಲಗಿ ನಸುಕಿನಲ್ಲೇ ಊರು ಬಿಟ್ಟು ಹೋಗಿದ್ದ ಕೆಲವು ದಾರಿಹೋಕರೂ ಬರಲಿಲ್ಲ. ಅವರ ದನಿಗಳು ಹರಿಗೋಲಿನಲ್ಲೇ ಉಳಿದವು.

ಬಿಸಿಲು ಏರಿದಂತೆ ಮಂಜು ತೆಳ್ಳಗಾಯಿತು, ಕಾಣದಾಯಿತು. ಮಾರನೆಯ ಬೆಳಿಗ್ಗೆ ನೋಡಿದರೆ ಅಲ್ಲೇ ಇತ್ತು, ಸುತ್ತುತ್ತಲೇ ಇತ್ತು. ಬಿದಿರು ಎಂದೋ ಕೊಳೆತು ಹೋಯಿತು, ತೊಗಲು ಕರಗಿ ಹೋಯಿತು. ಸುತ್ತು ನಿಲ್ಲಲಿಲ್ಲ.

ಅದಕ್ಕೇ ಇಂದಿಗೂ ಮಾಗಿಯ ಬೆಳಿಗ್ಗೆ ನೀವು ಹೊಳೆಯ ದಡದಲ್ಲಿ ನಿಂತರೆ ಮಂಜು ನೀರಿನ ಜೊತೆ ಕೆಳಕ್ಕೆ ಹೋಗದೆ ನಿಂತಲ್ಲೇ ಮೆಲ್ಲಗೆ ಸುತ್ತುವುದು ಕಾಣುತ್ತದೆ, ಮತ್ತು ಹತ್ತಿರ ಯಾರೂ ಇಲ್ಲದಿದ್ದರೂ ಯಾರದೋ ಮಾತು ಕಿವಿಯ ಪಕ್ಕದಲ್ಲೇ ಕೇಳಿಸುತ್ತದೆ. ಆಗ ಬಾಯಿ ಮುಚ್ಚಿಕೊಂಡು ನಿಲ್ಲಿ.

ನಮ್ಮ ಕೇತವ್ವ ಕಟ್ಟಿದ ದೋಣಿ ಸರಿಯಾಗಿಯೇ ಇತ್ತು. ಸರಿಯಿಲ್ಲ ಎಂದು ಊರೆಲ್ಲ ಕೇಳುವಂತೆ ಆಡಿದ ಮಾತನ್ನು ಮಂಜು ಈ ದಿನದವರೆಗೂ ಹಿಂದಕ್ಕೆ ತೆಗೆದುಕೊಂಡಿಲ್ಲ. ಅದು ಕ್ಷಮೆ ಕೇಳಬೇಕು.