ಬಿರುಸನ ಬೆಳಗಿನ ಹಿಡಿಸೊಪ್ಪು

ನಾನು ಮೊದಲ ಸಲ ಊರು ಬಿಟ್ಟು ನಡೆದದ್ದು ನಾಗರಪಂಚಮಿಯ ಮರುದಿನ, ಗುರುವಾರ. ಶಾಲೆಯಲ್ಲಿ ಹದಿನೇಳರ ಮಗ್ಗಿ ಒಪ್ಪಿಸಬೇಕಿತ್ತು. ಹೊರಗೆ ರಸ್ತೆಯಲ್ಲಿ ಒಂದು ಕುರಿಮಂದೆ ಹೋಗುತ್ತಿತ್ತು, ಮಂದೆಯ ಹಿಂದೆ ಒಂದು ಕುದುರೆ. ನಾನು ಕುದುರೆಯ ಹಿಂದೆ ಹೋದೆ. ಹದಿನೇಳರ ಮಗ್ಗಿ ನನಗೆ ಇವತ್ತಿಗೂ ಬರುವುದಿಲ್ಲ ಮಕ್ಕಳೇ, ಆದರೆ ಕುದುರೆಯ ಹೊಟ್ಟೆಯ ಸಂಗತಿ ಕೇಳಿ, ಎಷ್ಟು ಬೇಕಾದರೂ ಹೇಳುತ್ತೇನೆ. ಅದಕ್ಕೊಂದು ಕತೆಯೇ ಇದೆ.

ಒಂದು ಕುರುಚಲು ಕಾಡಿನ ಅಂಚಿನಲ್ಲಿ ಕೊಕ್ಕರೆ ಹೊಂಡ ಅಂತ ಒಂದು ಹೊಂಡ. ಅದರ ಸುತ್ತ ಒಂದಷ್ಟು ಪ್ರಾಣಿಗಳು ಅಕ್ಕಪಕ್ಕದ ಮನೆಯವರ ಹಾಗೆ ಬದುಕಿದ್ದವು. ಬಿರುಸ ಅನ್ನುವ ಕೆಂಪು ಕುದುರೆ. ಬೆನ್ನು ಬಾಗಿದ ಮುದಿ ಕತ್ತೆ ಗೂನಕ್ಕ. ಕೆಂಚವ್ವ ಅನ್ನುವ ಕುರಿ. ಗಡ್ಡದ ಹೋತಪ್ಪ. ಎಲ್ಲರಿಗಿಂತ ಹಿರಿಯ ಆಮೆಜ್ಜ. ಎಲ್ಲಿಂದಲೋ ಬಂದು ಸೇರಿಕೊಂಡ ಜಗ್ಗ ಅನ್ನುವ ನಾಯಿ.

ಬೇಸಿಗೆ ಏರಿದರೆ ಹೊಂಡ ಬತ್ತುತ್ತಿತ್ತು. ಆಗ ಎಲ್ಲರೂ ಗುಡ್ಡ ದಾಟಿ ಆಚೆಯ ಹೊಳೆಗೆ ಹೋಗಬೇಕು. ಒಂದು ಹಗಲಿನ ದಾರಿ. ಗುಡ್ಡದ ನಡುವೆ ತೋಳನ ಕಣಿವೆ. ಹೊತ್ತು ಮುಳುಗುವುದರೊಳಗೆ ಅದನ್ನು ದಾಟಿಬಿಡಬೇಕು. ದೊಡ್ಡವರೇನೋ ನಡೆಯುತ್ತಾರೆ, ನಡೆಯಲಾರದವರನ್ನು ಬಿರುಸ ಹೊರುತ್ತಿದ್ದ. ಗೀಜಗ ಹಕ್ಕಿಗಳು ಹಂಬಿನಿಂದ ಜೋಲಿ ಹೆಣೆದುಕೊಡುತ್ತಿದ್ದವು. ಹೋತಪ್ಪ ಅದನ್ನು ಬಿರುಸನ ಬೆನ್ನಿಗೆ ಏರಿಸಿ ಹೊಟ್ಟೆಯ ಕೆಳಗೆ ಹಲ್ಲಿನಿಂದ ಬಿಗಿಯುತ್ತಿದ್ದ. ಜೋಲಿಯಲ್ಲಿ ಎಳೆ ಕುರಿಮರಿಗಳು, ಜೊತೆಗೆ ಆಮೆಜ್ಜ. ನಾಲ್ಕು ಬೇಸಿಗೆ ಹೀಗೆ ಹೊತ್ತು ಬಿರುಸನಿಗೆ ಒಳ್ಳೆಯ ಹೆಸರು ಬಂದಿತ್ತು.

ಹೆಸರಿನ ಜೊತೆಗೆ ಒಂದು ಜಂಬವೂ ಬಂದಿತ್ತು. ಅದನ್ನು ಕಲಿಸಿದವನು ಜಗ್ಗ.

"ಬಿರುಸಣ್ಣಾ, ನೀನು ಓಟಗಾರ," ಅಂದಿದ್ದ ಜಗ್ಗ. "ಓಟಗಾರ ಅಂದಮೇಲೆ ಹೊಟ್ಟೆ ಒಳಕ್ಕೆ ಹೋಗಿರಬೇಕು. ನನ್ನನ್ನು ನೋಡು, ದಿನಕ್ಕೆ ಒಂದೇ ಊಟ. ಆ ಹೋತಪ್ಪನನ್ನೂ ನೋಡು, ಬೆಳಗಿನಿಂದ ಸಂಜೆಯವರೆಗೆ ಕಚಪಚ ಕಚಪಚ. ಅದೊಂದು ಬಾಳೇನು?"

ಬಿರುಸನಿಗೆ ಮಾತು ನಾಟಿತು. ಹಗಲೆಲ್ಲ ಬಾಯಿಗೆ ಏನೂ ಹಾಕದೆ ಬಯಲಿನಲ್ಲಿ ಓಡಿ ತೋರಿಸುವುದು, ಸಂಜೆ ಪಕ್ಕದ ಹೊಲಕ್ಕೆ ಹೋಗಿ ಒಮ್ಮೆಗೇ ಒಂದು ರಾಶಿ ಹುರುಳಿ ಮುಕ್ಕುವುದು. ಹುಲ್ಲನ್ನಂತೂ ಮೂಸಿಯೂ ನೋಡುತ್ತಿರಲಿಲ್ಲ.

ಒಂದು ಚಳಿಗಾಲ ಕಳೆಯುವುದರೊಳಗೆ ಬಿರುಸ ಬದಲಾದ. ಹುರುಳಿಯನ್ನು ಅರ್ಧಕ್ಕೇ ಬಿಟ್ಟು ಮುಖ ತಿರುಗಿಸುತ್ತಿದ್ದ. ಸುಮ್ಮನೆ ನಿಂತಲ್ಲೇ ಹಲ್ಲು ಕಡಿಯುತ್ತಿದ್ದ. ಮಿರುಗುತ್ತಿದ್ದ ಮೈಕೂದಲು ಒಣಗಿದ ಕಸಬರಿಗೆಯ ಹಾಗೆ ಎದ್ದು ನಿಂತಿತು. ಒಂದು ದಿನ ಹೋತಪ್ಪ ಅಳತೆ ನೋಡಲು ಜೋಲಿಯನ್ನು ಹೊಟ್ಟೆಗೆ ಬಿಗಿದದ್ದೇ ತಡ, ಬಿರುಸ ಗಕ್ಕನೆ ತಿರುಗಿ ಅವನ ಕೊಂಬನ್ನೇ ಕಚ್ಚಿದ.

"ಅಯ್ಯಯ್ಯೋ! ಕೊಂಬಾಗಿದ್ದಕ್ಕೆ ಸರಿಹೋಯ್ತು, ಕಿವಿ ಆಗಿದ್ದರೆ?" ಅಂತ ಹೋತಪ್ಪ ಹಾರಿ ದೂರ ನಿಂತ. "ಏನಯ್ಯಾ ಬಂದಿರೋದು ನಿನಗೆ?"

"ಕಣ್ಣು ಬಿದ್ದಿದೆ," ಅಂದಳು ಕೆಂಚವ್ವ. "ನಾಲ್ಕು ಜನ ನಾಲ್ಕು ಸಲ ಹೊಗಳಿದರೆ ಇನ್ನೇನಾಗುತ್ತೆ? ನಿವಾಳಿಸಿ ಹಾಕಬೇಕು."

"ಸೊಕ್ಕು," ಅಂದ ಆಮೆಜ್ಜ. "ನಮ್ಮ ಕಾಲದಲ್ಲಿ ಕುದುರೆಗಳು ಕಚ್ಚುತ್ತಿರಲಿಲ್ಲ."

ಗೂನಕ್ಕ ಹತ್ತಿರ ಬಂದಳು. ಬಿರುಸನ ಹೊಟ್ಟೆಗೆ ಕಿವಿ ಕೊಟ್ಟು ನಿಂತಳು. ಆಮೇಲೆ ಕೇಳಿದಳು: "ತಮ್ಮಾ, ಬೆಳಗಿನಿಂದ ಏನು ತಿಂದೆ?"

"ಏನೂ ಇಲ್ಲ. ನಾನೇನು ಮೇಕೆಯಾ?"

"ಮೇಕೆಯಲ್ಲ, ನಾಯಿಯೂ ಅಲ್ಲ," ಅಂದಳು ಗೂನಕ್ಕ. "ನಿನ್ನ ಹೊಟ್ಟೆಯಲ್ಲಿ ಹುಣ್ಣಾಗಿದೆ. ಕಣ್ಣೂ ಬಿದ್ದಿಲ್ಲ, ಸೊಕ್ಕೂ ಅಲ್ಲ. ಜಗ್ಗನ ಹೊಟ್ಟೆಯಲ್ಲಿ ಊಟ ಬಂದಾಗ ಹುಳಿನೀರು ಊರುತ್ತೆ. ನಿನ್ನ ಹೊಟ್ಟೆಯಲ್ಲಿ ತಿಂದರೂ ಊರುತ್ತೆ, ತಿನ್ನದಿದ್ದರೂ ಊರುತ್ತೆ. ಹಗಲೂ ಇರುಳೂ ನಿಲ್ಲದೆ ತೊಟ್ಟಿಕ್ಕುತ್ತಲೇ ಇರುತ್ತೆ. ನೀನು ಹುಲ್ಲು ಅಗಿದಾಗ ಬರೋ ಜೊಲ್ಲು ಒಳಗೆ ಇಳಿದು ಆ ಹುಳಿಯನ್ನು ಸಪ್ಪೆ ಮಾಡುತ್ತೆ. ಅಗಿಯದೇ ಇದ್ದರೆ ಹುಳಿ ನಿನ್ನನ್ನೇ ತಿನ್ನುತ್ತೆ."

"ಮತ್ತೆ ಓಡಿದಾಗ ಉರಿ ಜಾಸ್ತಿ ಆಗುತ್ತಲ್ಲಕ್ಕಾ, ಅದ್ಯಾಕೆ?" ಬಿರುಸ ಮೆಲ್ಲಗೆ ಕೇಳಿದ. ಉರಿ ಇದೆ ಅಂತ ಅವನು ಒಪ್ಪಿಕೊಂಡದ್ದು ಅದೇ ಮೊದಲು.

"ದೂರದ ಬಾವಿಯಿಂದ ನೀರು ಹೊರೋ ಹೆಂಗಸರನ್ನು ನೋಡಿದ್ದೀಯಾ? ಕೊಡದ ಬಾಯಿಗೆ ಒಂದು ಹಿಡಿ ಹಸಿರು ಸೊಪ್ಪು ಹಾಕಿರುತ್ತಾರೆ. ಯಾಕೆ? ನಡೆಯುವಾಗ ನೀರು ತುಳುಕಬಾರದು ಅಂತ. ನಿನ್ನ ಹೊಟ್ಟೆಯೂ ಒಂದು ಕೊಡ. ಕೆಳಗಡೆ ದಪ್ಪ ಲೋಳೆಯ ಹೊದಿಕೆ ಇದೆ, ಹುಳಿಯನ್ನು ತಡೆದುಕೊಳ್ಳುತ್ತೆ. ಮೇಲುಗಡೆ ಬರಿಮೈ. ಖಾಲಿ ಹೊಟ್ಟೆಯಲ್ಲಿ ಓಡಿದರೆ ಹುಳಿ ತುಳುಕಿ ಆ ಬರಿಮೈಗೆ ಬಡಿಯುತ್ತೆ. ಅದೇ ಉರಿ."

ಗೂನಕ್ಕ ಅವನನ್ನು ಬೇವಿನ ಮರದ ಮೇಲಿದ್ದ ಕರಿಮೂತಿಯ ಕೋತಿ, ಮುಸಿಯ ವೈದ್ಯರ ಹತ್ತಿರ ಕರೆದುಕೊಂಡು ಹೋದಳು. ವೈದ್ಯರು ನಾಲಗೆ ನೋಡಿದರು, ಹೊಟ್ಟೆ ಒತ್ತಿದರು, ಉದ್ದ ಬಾಲದಿಂದ ತಲೆ ಕೆರೆದುಕೊಂಡರು. ಒಂದು ತಿಂಗಳಿಗೆ ಆಗುವಷ್ಟು ಲೇಹ್ಯ ಕೊಟ್ಟರು.

"ಹುಣ್ಣು ಮಾಯಿಸೋ ಕೆಲಸ ಈ ಲೇಹ್ಯದ್ದು," ಅಂದರು. "ಮತ್ತೆ ಏಳದ ಹಾಗೆ ನೋಡಿಕೊಳ್ಳೋದು ನಿನ್ನ ದಿನಚರಿಯದ್ದು. ಹುರುಳಿ ಕಡಿಮೆ ಮಾಡು. ಹಗಲೆಲ್ಲ ಸ್ವಲ್ಪ ಸ್ವಲ್ಪ ಹುಲ್ಲು ಮೇಯಿ. ಬೆಳಗ್ಗೆ ಎದ್ದ ಕೂಡಲೇ ಒಂದು ದೊಡ್ಡ ಹಿಡಿ ಕುದುರೆಮೆಂತೆ ಸೊಪ್ಪು, ಅದರ ಮೇಲೆ ನೆನೆದು ಲೋಳೆಯಾದ ಅಗಸೆ ಬೀಜ. ಆಮೇಲೆ ಓಟ."

"ಎಷ್ಟು ದಿನ ಸ್ವಾಮಿ?"

"ನಿನ್ನ ಹೊಟ್ಟೆ ಎಷ್ಟು ದಿನ ಹುಳಿ ಊರಿಸುತ್ತೋ ಅಷ್ಟು ದಿನ."

"ಹಬ್ಬ ಹುಣ್ಣಿಮೆಗೆ?"

"ಹುಳಿಗೆ ಹಬ್ಬ ಇದೆಯೇನಯ್ಯಾ?"

ಹೊಂಡದ ದಡದಲ್ಲಿ ನೀಲಿ ಹೂವಿನ ಕುದುರೆಮೆಂತೆ ಬೇಕಾದಷ್ಟು ಬೆಳೆದಿತ್ತು. ಪಕ್ಕದ ಹೊಲದಲ್ಲಿ ಉದುರಿದ ಅಗಸೆ ಇತ್ತು. ಗೂನಕ್ಕ ದಿನಾ ಬೆಳಗ್ಗೆ ತಾನು ತಿನ್ನುವ ಮೊದಲು ಬಿರುಸನ ಹಿಡಿಯನ್ನು ಚಪ್ಪಡಿ ಕಲ್ಲಿನ ಮೇಲೆ ಇಡುತ್ತಿದ್ದಳು. ಲೇಹ್ಯ ಮುಗಿಯುವ ಹೊತ್ತಿಗೆ ಬಿರುಸನ ಮೈ ಮತ್ತೆ ಮಿರುಗಿತು. ಹಲ್ಲು ಕಡಿಯುವುದು ನಿಂತಿತು. ಹೋತಪ್ಪ ಜೋಲಿ ಬಿಗಿದರೆ ಬಾಲ ಅಲ್ಲಾಡಿಸಿಕೊಂಡು ನಿಲ್ಲುತ್ತಿದ್ದ. ಆ ವರ್ಷ ಕೆಂಚವ್ವ ಹೊತ್ತಲ್ಲದ ಹೊತ್ತಿನಲ್ಲಿ ಮೂರು ಮರಿ ಹಾಕಿದ್ದಳು. ಅವಳು ಬಂದು ಬಿರುಸನ ಮುಖ ಮೂಸಿ, "ಅಪ್ಪಾ, ಇವನ್ನು ಆಚೆ ಹೊಳೆ ಮುಟ್ಟಿಸೋ ಬೆನ್ನು ನಿಂದೊಂದೇ," ಅಂದಳು.

"ಚಿಂತೆ ಬಿಡು ಕೆಂಚವ್ವ. ನಾನಿದ್ದೀನಿ."

ಅಲ್ಲಿಗೆ ಕತೆ ಮುಗಿಯಬೇಕಿತ್ತು ಮಕ್ಕಳೇ. ಆದರೆ ಜಗ್ಗ ಇದ್ದನಲ್ಲ!

"ಏನು ಬಿರುಸಣ್ಣಾ, ಗಡ್ಡ ಯಾವಾಗ ಬಿಡ್ತೀಯಾ?" ಅಂದ ಒಂದು ಬೆಳಗ್ಗೆ. "ಕಚಪಚ ಶುರು ಮಾಡಿದ್ದೀಯ. ಇನ್ನು ಕೊಂಬು ಬರೋದೊಂದು ಬಾಕಿ."

"ವೈದ್ಯರು ಹೇಳಿದ್ದಾರೆ ಕಣೋ."

"ಹುಣ್ಣಿದ್ದಾಗ ಹೇಳಿದ್ದು. ಈಗ ಎಲ್ಲಿದೆ ಹುಣ್ಣು? ತೋರಿಸು ನೋಡೋಣ."

ಬಿರುಸ ಬಗ್ಗಿ ತನ್ನ ಹೊಟ್ಟೆ ನೋಡಿಕೊಂಡ. ಉರಿ ಇಲ್ಲ, ನೋವಿಲ್ಲ. ಹೌದಲ್ಲ, ಇನ್ನೇಕೆ ಇದು ಅನ್ನಿಸಿತು. ಗೂನಕ್ಕನಿಗೆ ಬೇಜಾರಾಗಬಾರದು ಅಂತ ಅವಳ ಮುಂದೆ ಸೊಪ್ಪು ಬಾಯಲ್ಲಿ ಹಿಡಿದುಕೊಳ್ಳುವನು, ಅವಳು ಮರೆಯಾದೊಡನೆ ಲಂಟಾನ ಪೊದೆಯ ಹಿಂದೆ ಉಗುಳುವನು. ಹುಲ್ಲು ಮೇಯುವುದನ್ನೂ ಬಿಟ್ಟ. ಮತ್ತೆ ಸಂಜೆಯ ಹುರುಳಿಯ ರಾಶಿಯೇ ಗತಿಯಾಯಿತು.

ಲಂಟಾನ ಪೊದೆಯ ಹಿಂದೆ ದಿನಾ ಬೆಳಗ್ಗೆ ಒಂದು ಹಿಡಿ ಒಳ್ಳೆಯ ಸೊಪ್ಪು ಬೀಳುತ್ತದೆ ಅಂತ ಹೋತಪ್ಪ ಎರಡೇ ದಿನಕ್ಕೆ ಪತ್ತೆ ಹಚ್ಚಿದ. ಯಾರಿಗೂ ಹೇಳಲಿಲ್ಲ. ಸಿಕ್ಕಿದ್ದನ್ನು ತಿಂದು ಬಾಯಿ ಒರೆಸಿಕೊಂಡ.

ಹೊಂಡ ಬತ್ತಿತು. ಹೊರಡುವ ದಿನ ಬಂತು. ಹಗುರಾಗಿ ಹೋಗಬೇಕು ಅಂತ ಬಿರುಸ ಹಿಂದಿನ ದಿನದಿಂದಲೇ ಏನೂ ತಿಂದಿರಲಿಲ್ಲ. ಹೋತಪ್ಪ ಜೋಲಿ ಬಿಗಿದಾಗ ಅವನ ಕಿವಿ ಹಿಂದಕ್ಕೆ ಹೋಯಿತು, ಹಲ್ಲು ಕಟಕಟ ಅಂದಿತು. ಕೆಂಚವ್ವ ಮರಿಗಳನ್ನು ಕೂರಿಸುವ ಗಡಿಬಿಡಿಯಲ್ಲಿ ಗಮನಿಸಲಿಲ್ಲ. ಮೂರು ಮರಿ, ಒಬ್ಬ ಆಮೆಜ್ಜ. ಹೊರಟರು.

ಗುಡ್ಡದ ಬುಡದವರೆಗೆ ಬಿರುಸ ಎಲ್ಲರಿಗಿಂತ ಮುಂದೆ. "ನೋಡಿದಿರಾ ನಮ್ಮ ಓಟಗಾರನನ್ನು!" ಅಂತ ಜಗ್ಗ ಕುಣಿಯುತ್ತಿದ್ದ. ಏರು ಶುರುವಾಯಿತು. ಒಳಗೆ ಹುಳಿನೀರು ತುಳುಕಿತು. ಮೊದಲು ಚುರುಕ್ ಅಂದಿತು, ಆಮೇಲೆ ಕೆಂಡ ಇಟ್ಟ ಹಾಗಾಯಿತು. ತೋಳನ ಕಣಿವೆಯ ಬಾಯಿಗೆ ಬರುವಷ್ಟರಲ್ಲಿ ಬಿರುಸನ ಮೈಯೆಲ್ಲ ಬೆವರು, ಮುಂಗಾಲು ನಡುಗುತ್ತಿತ್ತು. ಅವನು ಮಂಡಿಯೂರಿದ. ಜೋಲಿ ಒಂದು ಕಡೆ ವಾಲಿತು. ಮರಿಗಳು ಮ್ಯಾ ಅಂದವು.

ಕೆಂಚವ್ವ ಓಡಿಬಂದಳು. ಹೊತ್ತು ಪಡುವಣಕ್ಕೆ ವಾಲಿತ್ತು. "ಏಳಪ್ಪಾ! ಏಳೋ! ಇಲ್ಲಿ ನಿಂತರೆ ನನ್ನ ಮರಿಗಳು ಉಳಿಯೋದಿಲ್ಲ!"

"ಆಗ್ತಿಲ್ಲ ಕೆಂಚವ್ವ. ಹೊಟ್ಟೆ."

"ದಿನಾ ಹಿಡಿಸೊಪ್ಪು ತಿಂತಿದ್ದೆಯಲ್ಲ?"

ಬಿರುಸ ನೆಲ ನೋಡಿದ. ಗೂನಕ್ಕ ಬಿರುಸನ ಎದ್ದು ನಿಂತ ಮೈಕೂದಲನ್ನು ನೋಡಿದಳು. ಆಮೇಲೆ ಹೋತಪ್ಪನತ್ತ ತಿರುಗಿದಳು. ಅವನ ಮೈ ಹೊಸ ತಾಮ್ರದ ಚೊಂಬಿನ ಹಾಗೆ ಫಳಫಳ ಹೊಳೆಯುತ್ತಿತ್ತು.

"ಹೋತಪ್ಪಾ, ನಿನ್ನ ಮೈಗೆ ಯಾವಾಗಿನಿಂದ ಈ ಹೊಳಪು?"

ಹೋತಪ್ಪ ಗಡ್ಡ ಕೆರೆದುಕೊಂಡ. "ಅದು... ಲಂಟಾನ ಪೊದೆಯ ಹಿಂದೆ ಬಿದ್ದಿರುತ್ತಿತ್ತಕ್ಕಾ. ಹಾಳಾಗಬಾರದು ಅಂತ..."

"ಬೈಯೋಕೆ ಈಗ ಪುರಸೊತ್ತಿಲ್ಲ," ಅಂದಳು ಗೂನಕ್ಕ. "ಜೋಲಿ ಬಿಚ್ಚು. ನನ್ನ ಬೆನ್ನಿಗೆ ಕಟ್ಟು. ಮೂರೂ ಮರಿ ಇತ್ತ ಕೊಡಿ."

"ನಿಮ್ಮ ಬೆನ್ನು ಬಾಗಿದೆಯಲ್ಲಕ್ಕಾ!" ಕೆಂಚವ್ವ ಗಾಬರಿಯಾದಳು.

"ಬೆನ್ನು ಬಾಗಿದೆ, ಹೊಟ್ಟೆ ಗಟ್ಟಿ ಇದೆ. ಹೊತ್ತೊಯ್ಯುತ್ತೀನಿ."

ಗೂನಕ್ಕನ ಕೊರಳಲ್ಲಿ ಒಂದು ಕಂತೆ ಒಣಗಿದ ಕುದುರೆಮೆಂತೆ ತೂಗುತ್ತಿತ್ತು. ದಾರಿಯ ದಿನವೂ ತಪ್ಪಬಾರದು ಅಂತ ಅವಳು ತನಗಾಗಿ ಕಟ್ಟಿಕೊಂಡದ್ದು. ಅದನ್ನು ಬಿಚ್ಚಿಸಿ ಬಿರುಸನ ಮುಂದೆ ಹಾಕಿಸಿದಳು. "ನಿಧಾನಕ್ಕೆ ಅಗಿ. ಚೆನ್ನಾಗಿ ಜೊಲ್ಲು ಬರಲಿ. ಉರಿ ತಗ್ಗಿದಷ್ಟೂ ನಡಿ. ಓಡಿದರೆ ನೋಡು!"

ಮುಂದೆ ಗೂನಕ್ಕ, ಬೆನ್ನ ಮೇಲೆ ಮೂರು ಮರಿ. ಪಕ್ಕದಲ್ಲೇ ಕೆಂಚವ್ವ. ಹಿಂದೆ ಬಿರುಸ, ನಾಲ್ಕು ಹೆಜ್ಜೆಗೊಂದು ತುತ್ತು ಅಗಿಯುತ್ತ. ಆಮೆಜ್ಜ ಮಾತ್ರ ಬಿರುಸನ ಜೂಲನ್ನು ಗಟ್ಟಿಯಾಗಿ ಹಿಡಿದುಕೊಂಡು ಅವನ ಬೆನ್ನ ಮೇಲೇ ಉಳಿದ.

"ನೀವೂ ಗೂನಕ್ಕನ ಮೇಲೆ ಹೋಗಿ ಅಜ್ಜಾ. ನಾನು ತಡವಾಗ್ತೀನಿ," ಅಂದ ಬಿರುಸ.

"ತಡ ಅಂದರೆ ಏನು ಅಂತ ನನಗೆ ಹೇಳ್ತೀಯಾ?" ಅಂದ ಆಮೆಜ್ಜ. "ನಡಿ ನಡಿ. ಇದೇ ನನಗೆ ಒಗ್ಗೋ ವೇಗ."

ಕಣಿವೆಯ ನಡುವೆ ತೋಳನ ವಾಸನೆ ಬಂತು. ಆಗ ಜಗ್ಗ ಮೊದಲ ಸಲ ಉಪಯೋಗಕ್ಕೆ ಬಂದ. ಎಲ್ಲರ ಹಿಂದೆ ನಿಂತು ಗಂಟಲು ಹರಿಯುವಂತೆ ಬೊಗಳಿದ. ಪೊದೆ ಅಲ್ಲಾಡಿತು, ಮತ್ತೆ ಸುಮ್ಮನಾಯಿತು. ಹೊತ್ತು ಮುಳುಗಲು ಒಂದು ಮಾರು ಇರುವಾಗ ಗೂನಕ್ಕ ಹೊಳೆಯ ಮರಳಿಗೆ ಕಾಲಿಟ್ಟಳು. ಮೂರು ಮರಿಗಳೂ ಜೋಲಿಯಿಂದ ಜಿಗಿದು ನೇರ ತಾಯಿಯ ಕೆಚ್ಚಲಿಗೆ ಬಾಯಿ ಹಾಕಿದವು. ಎಲ್ಲರಿಗಿಂತ ಕೊನೆಗೆ ಬಂದವನು ಓಟಗಾರ ಬಿರುಸ.

ಅವನು ಸೀದಾ ಗೂನಕ್ಕನ ಹತ್ತಿರ ಹೋಗಿ ತಲೆ ತಗ್ಗಿಸಿ ನಿಂತ. "ಅಕ್ಕಾ, ವಾಸಿಯಾಗಿದೆ ಅಂದುಕೊಂಡಿದ್ದೆ."

"ವಾಸಿಯಾಗೇ ಇತ್ತು," ಅಂದಳು ಗೂನಕ್ಕ. "ದಿನದ ಹಿಡಿ ಅದನ್ನು ಹಾಗೆ ಇಟ್ಟಿತ್ತು. ನಾಳೆ ಮತ್ತೆ ವೈದ್ಯರ ಹತ್ತಿರ ಹೋಗೋಣ. ಅವರೂ ಇದೇ ದಡಕ್ಕೆ ಬಂದಿದ್ದಾರೆ."

ಮರುದಿನದಿಂದ ಬಿರುಸ ಎಲ್ಲರೂ ಎದ್ದು ಕೂತಿರುವಾಗ, ಬಯಲಿನ ನಟ್ಟನಡುವೆ ನಿಂತು ತನ್ನ ಹಿಡಿಸೊಪ್ಪು ತಿಂದ. ಲೇಹ್ಯ ಮುಗಿದ ಮೇಲೂ ತಿಂದ. ಜಗ್ಗ ಒಮ್ಮೆ ಬಾಯಿ ತೆರೆಯುವುದರಲ್ಲಿದ್ದ. ಬಿರುಸ ಅಗಿಯುತ್ತಲೇ ಹೇಳಿದ: "ನಿನ್ನ ಹೊಟ್ಟೆ ನಿಂದು ಮಾರಾಯಾ, ನನ್ನದು ನಂದು. ನೀನು ಒಂದು ದಿನ ನನ್ನ ಹಾಗೆ ಹುಲ್ಲು ತಿಂದು ತೋರಿಸು, ಆಮೇಲೆ ಮಾತಾಡೋಣ." ಹೋತಪ್ಪ ಮಾತ್ರ ಲಂಟಾನ ಪೊದೆಗಳ ಹಿಂದೆ ಬಹಳ ದಿನ ಹುಡುಕಿದನಂತೆ.

ಮಳೆ ಬಿದ್ದ ಮೇಲೆ ಎಲ್ಲರೂ ಹೊಂಡಕ್ಕೆ ಮರಳಿದರು, ಮುಂದಿನ ಬೇಸಿಗೆಯಲ್ಲಿ ಮತ್ತೆ ಹೊರಡುವ ದಿನ ಬಂತು. ಜೋಲಿ ಬಿರುಸನ ಬೆನ್ನೇರಿತು. ಹೋತಪ್ಪ ಬಿಗಿದ, ಬಿರುಸ ಬಾಲ ಅಲ್ಲಾಡಿಸಿದ. ಕೆಂಚವ್ವ ಹೊಸ ಮರಿಗಳೊಂದಿಗೆ ಬಂದಳು. ಆದರೆ ಮರಿಗಳನ್ನು ಏರಿಸಲಿಲ್ಲ.

"ಮೊದಲು ಬಾಯಿ ತೋರಿಸು."

ಬಿರುಸ ಬಗ್ಗಿ ಬಾಯಿ ತೆರೆದ. ತುಟಿಯೆಲ್ಲ ಹಸಿರು. ಕೆಂಚವ್ವ ಮೂಸಿ ನೋಡಿದಳು. ಕುದುರೆಮೆಂತೆಯ ಘಮ.

"ಹೂಂ," ಅಂದು ಮರಿಗಳನ್ನು ಒಂದೊಂದಾಗಿ ಏರಿಸಿದಳು. ಆ ವರ್ಷ ಅವರು ಕಣಿವೆ ದಾಟಿದಾಗ ಹೊತ್ತು ಇನ್ನೂ ನೆತ್ತಿಯಿಂದ ಇಳಿದಿರಲಿಲ್ಲ.

ಇಷ್ಟು ಮಕ್ಕಳೇ. ನನ್ನ ಕಂಬಳಿ ಸುತ್ತಿ ಆಯಿತು, ಚೊಂಬನ್ನು ಜೋಳಿಗೆಗೆ ಹಾಕಿದ್ದೂ ಆಯಿತು. ಒಂದೇ ಊರಿನಲ್ಲಿ ನಾಲ್ಕು ದಿನ ನಿಂತರೆ ನನ್ನ ಕಾಲು ತುರಿಸುತ್ತದೆ. ಈಗಲೇ ಹೊರಟುಬಿಡುತ್ತಿದ್ದೆ, ಆದರೆ ಅಗೋ, ಮರದ ಕೆಳಗೆ ನನ್ನ ಕುದುರೆ ಚಿಟ್ಟಿ ಬೆಳಗಿನ ಹಿಡಿಸೊಪ್ಪು ಅಗಿಯುತ್ತಿದ್ದಾಳೆ. ಅವಳು ಮುಗಿಸುವವರೆಗೆ ನಾನು ಜೀನು ಬಿಗಿಯುವುದಿಲ್ಲ. ಶಾಲೆಯಲ್ಲೂ ಹೀಗೆ ಕಾದು ಕೂತವನಲ್ಲ ನಾನು.

ನೀತಿ: ನೋವು ಹೋಯಿತೆಂದು ದಿನದ ಆರೈಕೆಯನ್ನು ಬಿಡಬೇಡಿ, ನೋವು ಬಾರದಂತೆ ಕಾಯುತ್ತಿರುವುದು ಅದೇ.