ಉಪ್ಪಿನ ಹರಳಿಗೆ ಮೂಲೆ ಬಂದದ್ದು

ಡಿಜಿಟಲ್ ಮೈಕ್ರೋಸ್ಕೋಪಿನ ಪರದೆಯ ಮೇಲೆ ಅಜ್ಜಿಯ ಸೆರಗಿನ ನೂಲು ಹಗ್ಗದಷ್ಟು ದಪ್ಪ ಕಂಡಿತು. ಈರುಳ್ಳಿ ಸಿಪ್ಪೆ ಇಟ್ಟಿಗೆ ಗೋಡೆಯ ಹಾಗೆ ಕಂಡಿತು. ಆಮೇಲೆ ಇಂಪನ ಒಂದು ಚಿಟಿಕೆ ಉಪ್ಪು ಉದುರಿಸಿದಳು.

"ಅಜ್ಜೀ, ಇವೆಲ್ಲ ಯಾಕೆ ಚೌಕ?"

"ಅದಾ? ಕೇಳು" ಎಂದಳು ಅಜ್ಜಿ.

ಲೋಕ ಆಗಷ್ಟೇ ಹುಟ್ಟಿ, ಇನ್ನೂ ಮೈ ಆರದಿದ್ದ ಕಾಲ. ಆಗ ಉಪ್ಪಿನ ಹರಳಿಗೆ ಮೂಲೆಯೇ ಇರಲಿಲ್ಲ. ಸಾಸಿವೆಯ ಹಾಗೆ ಗುಂಡಗಿತ್ತು.

ಕಡಲ ದಂಡೆಯಲ್ಲಿ ಬೀರಮ್ಮ ಎಂಬಾಕೆ ಇದ್ದಳು. ಅವಳ ಮಗಳು ಹೊನ್ನಿ ಜ್ವರ ಬಿಟ್ಟು ಎದ್ದಿದ್ದಳು, ಆದರೆ ಬಾಯಿಗೆ ರುಚಿಯಿಲ್ಲ. "ಸಪ್ಪೆ ಗಂಜಿ ಇಳೀತಿಲ್ಲ ಅವ್ವೆ" ಎಂದು ಬಟ್ಟಲು ದೂಡುತ್ತಿದ್ದಳು. ದಿನದಿನಕ್ಕೂ ಸೊರಗುತ್ತಿದ್ದಳು.

ಬೀರಮ್ಮ ಬಂಡೆಯ ಮೇಲಿನ ಉಪ್ಪು ಬಳಿದು ತರಲು ಹೋದಳು. ಗಾಳಿ ಬೀಸಿತು. ಉಪ್ಪೆಲ್ಲ ಉರುಳಿ ಉರುಳಿ ಕಡಲಿಗೆ ಬಿತ್ತು. ಮರುದಿನ ಹೋದಳು. ಮತ್ತೆ ಉರುಳಿ ಉರುಳಿ ಕಡಲಿಗೆ ಬಿತ್ತು.

"ಗಾಳಿಯಪ್ಪಾ, ಒಂದು ಗಳಿಗೆ ನಿಲ್ಲಬಾರದಾ?"

"ನಿಲ್ಲೋದು ನನಗೆ ಗೊತ್ತೇ ಇಲ್ಲ, ತಾಯಿ" ಎಂದಿತು ಗಾಳಿ.

"ಉಪ್ಪೇ, ನೀನಾದರೂ ಯಾಕೆ ಓಡ್ತೀಯೆ?"

"ಓಡೋದಲ್ಲವ್ವಾ. ಊರಿ ಕೂರೋಕೆ ನನಗೊಂದು ನೆಲೆಯೇ ಇಲ್ಲ" ಎಂದಿತು ಉಪ್ಪು.

ಬೀರಮ್ಮನಿಗೆ ಪಾಪ ಅನಿಸಿತು. ಜೇಡಿಮಣ್ಣು ತಂದಳು. ಕಾಲಲ್ಲಿ ತುಳಿದು ಹದ ಮಾಡಿ, ನಾಲ್ಕು ಬದು ಹಾಕಿ, ಚೌಕನೆಯ ಒಂದು ಪುಟ್ಟ ಗದ್ದೆ ಮಾಡಿದಳು. ಕಡಲು ಅದಕ್ಕೆ ಒಂದಿಷ್ಟು ನೀರು ಕೊಟ್ಟಿತು. ಸೂರ್ಯ ಮೆಲ್ಲಗೆ ಕಾಯಿಸಿದ. ಬೀರಮ್ಮ ಗಾಳಿಗೆ ಬೆನ್ನು ಕೊಟ್ಟು ಬದುವಿನ ಮೇಲೆ ಕೂತಳು. ಬೆನ್ನು ಸುಟ್ಟಿತು, ತುಟಿ ಒಡೆಯಿತು. ಏಳಲಿಲ್ಲ.

ಮೂರನೆಯ ದಿನ ನೀರಿನಲ್ಲಿ ಹರಳು ಕಣ್ಣು ಬಿಟ್ಟವು. ಸುತ್ತ ನೋಡಿದವು. ನಾಲ್ಕು ಬದು, ನಾಲ್ಕು ಮೂಲೆ, ಕಾಯುತ್ತಾ ಕೂತ ಒಬ್ಬ ತಾಯಿ.

"ಎಷ್ಟು ಬೆಚ್ಚಗಿದೆ! ನಮಗೂ ಇಂಥದೇ ಮನೆ ಇರಲಿ" ಎಂದು ಒಂದೊಂದು ಹರಳೂ ತನ್ನ ಸುತ್ತ ಗೋಡೆ ಎಬ್ಬಿಸಿಕೊಂಡಿತು. ಗಾಳಿ ಬೀಸಿತು. ಯಾವುದೂ ಉರುಳಲಿಲ್ಲ.

ಬೀರಮ್ಮ ಬೊಗಸೆ ತುಂಬ ಉಪ್ಪು ಹಿಡಿದು ಮನೆಗೆ ಓಡಿದಳು. ಗಂಜಿಗೆ ನಾಲ್ಕು ಹರಳು ಹಾಕಿದಳು. ಹೊನ್ನಿ ಒಂದು ಗುಟುಕು ಕುಡಿದಳು. ತುಟಿ ಚಪ್ಪರಿಸಿದಳು. ಇನ್ನೊಂದು ಗುಟುಕು ಕುಡಿದಳು.

"ಇನ್ನೊಂದು ಸೌಟು ಹಾಕು, ಅವ್ವೆ!"

ಬೀರಮ್ಮ ಹಾಕಿದಳು. ತಾನೂ ಮೂರು ದಿನದಿಂದ ಉಂಡಿಲ್ಲ ಅನ್ನೋದು ಆಗ ಅವಳಿಗೆ ನೆನಪಾಯಿತು.

ಅದಕ್ಕೇ ಮಗೂ, ಇವತ್ತಿಗೂ ಉಪ್ಪಿನ ಹರಳನ್ನು ದೊಡ್ಡದು ಮಾಡಿ ನೋಡಿದರೆ ನಾಲ್ಕು ಮೂಲೆ ಕಾಣುತ್ತದೆ, ಒಂದೊಂದರ ನಟ್ಟನಡುವೆ ಬದು ಹಾಕಿದ ಪುಟ್ಟ ಗದ್ದೆಯೂ ಕಾಣುತ್ತದೆ.