ಬೆಳ್ಳುಳ್ಳಿಯ ಒಗ್ಗರಣೆ

ಹೊಳೆಯ ಆಚೆ ದಡದಲ್ಲಿ ಒಬ್ಬ ಗುರುಗಳಿದ್ದರು. ಸುತ್ತಿನ ಊರವರಿಗೆಲ್ಲ ಅವರು ಅಜ್ಜಾರು.

ಈಚೆ ದಡದ ಊರಿನ ಹಾಲಪ್ಪ ಅವರ ಶಿಷ್ಯ. ಮಗಳ ಮದುವೆ ಮುಗಿಸಿ, ಬಟ್ಟೆ ಅಂಗಡಿಯನ್ನು ತಮ್ಮನಿಗೊಪ್ಪಿಸಿ, ಸ್ವಲ್ಪ ದಿನ ಆಶ್ರಮದಲ್ಲಿದ್ದು ಬರ್ತೀನಿ ಎಂದು ಹೆಂಡತಿ ಕೊಟ್ರಮ್ಮನಿಗೆ ಹೇಳಿ ಹರಿಗೋಲು ಹತ್ತಿದವನು, ಅಲ್ಲೇ ಉಳಿದುಬಿಟ್ಟಿದ್ದ.

ಮನೆಯಲ್ಲಿದ್ದಾಗ ಅವನ ರುಚಿ ಎಂದರೆ ಕಾನೂನು. ರೊಟ್ಟಿಯ ಅಂಚು ಗರಿಗರಿ ಇರಬೇಕು, ನಡುವೆ ಮೆತ್ತಗಿರಬೇಕು. ಸ್ನಾನದ ನೀರು ಹಬೆಯಾಡುತ್ತಿರಬೇಕು. ಚಹಾ ಮತ್ತೊಮ್ಮೆ ಕಾಯಿಸಿದ್ದು ಎಂದು ವಾಸನೆಯಲ್ಲೇ ಹಿಡಿದು ಲೋಟ ಸರಿಸುತ್ತಿದ್ದ. ಅವನು ಮಲಗಿದನೆಂದರೆ ಮುಗಿಯಿತು, ಮನೆಯಲ್ಲಿ ದೀಪವೂ ಇರಬಾರದು, ಪಾತ್ರೆಯ ಸದ್ದೂ ಇರಬಾರದು.

ಆಶ್ರಮಕ್ಕೆ ಬಂದ ಮೇಲೆ ಹಾಲಪ್ಪ ಎಲ್ಲವನ್ನೂ ಒಂದೊಂದಾಗಿ ಬಿಟ್ಟ. ನಸುಕಿನಲ್ಲಿ ಹೊಳೆಯ ತಣ್ಣೀರಿಗಿಳಿದ. ಚಹಾ ಬಿಟ್ಟ. ಹಾಸಿಗೆ ಬಿಟ್ಟು ಬರಿ ಕಲ್ಲಿನ ಮೇಲೆ ಮಲಗಿದ. ಕೊನೆಗೆ ಅಂಬಲಿಗೆ ಉಪ್ಪನ್ನೂ ಬೇಡವೆಂದ.

ಬಿಟ್ಟಾಗಲೆಲ್ಲ ಅಜ್ಜಾರ ಮುಖ ನೋಡುತ್ತಿದ್ದ.

ಅಜ್ಜಾರು ಏನೂ ಹೇಳುತ್ತಿರಲಿಲ್ಲ. ಅವರಿಗೋ, ಮಧ್ಯಾಹ್ನ ಮಜ್ಜಿಗೆ ಅನ್ನದ ಜೊತೆ ಕರಿದ ಮಜ್ಜಿಗೆ ಮೆಣಸಿನಕಾಯಿ ಬೇಕೇ ಬೇಕು. ಚೂರು ಸೀದಿದ್ದರೆ ಅದನ್ನು ಎಲೆಯ ಬದಿಗಿಟ್ಟು ಇನ್ನೊಂದು ತರಿಸುವರು.

ಹಾಲಪ್ಪನಿಗೆ ಇದು ಬಗೆಹರಿಯಲಿಲ್ಲ. ಶಿಷ್ಯ ಉಪ್ಪು ಬಿಟ್ಟಿದ್ದಾನೆ, ಗುರು ಮೆಣಸಿನಕಾಯಿ ಬಿಟ್ಟಿಲ್ಲ. ಬಹಳ ದಿನ ಒಳಗೊಳಗೇ ಗುಣಿಸಿ, ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟ, ಇದು ಯಾಕೆ ಅಜ್ಜಾರೆ ಅಂತ.

"ನನಗೆ ಇಷ್ಟ," ಎಂದು ಅಜ್ಜಾರು ಊಟ ಮುಂದುವರಿಸಿದರು.

ಹಾಲಪ್ಪ ಅದರಲ್ಲೇನೋ ಗೂಢಾರ್ಥವಿರಬೇಕೆಂದು ದಿನವಿಡೀ ತಲೆ ಕೆಡಿಸಿಕೊಂಡ. ಏನೂ ಸಿಗಲಿಲ್ಲ.

ಮಳೆಗಾಲ ಮುಗಿದು ಹೊಳೆ ತಿಳಿಯಾದಾಗ ಅವನು ಅಜ್ಜಾರ ಮುಂದೆ ಕೈಮುಗಿದು ನಿಂತ. ಬಿಡುವುದಕ್ಕೆ ತನ್ನಲ್ಲಿ ಇನ್ನೇನೂ ಉಳಿದಿಲ್ಲ, ಕಾವಿ ಕೊಡಬೇಕು ಎಂದು ಬೇಡಿಕೊಂಡ.

ಹೆಂಡತಿ ಇದ್ದವನಿಗೆ ಅವಳ ಒಪ್ಪಿಗೆಯಿಲ್ಲದೆ ಕಾವಿ ಕೊಡುವ ರೂಢಿ ಆ ಆಶ್ರಮದಲ್ಲಿರಲಿಲ್ಲ. ಅಜ್ಜಾರು ಅದನ್ನೇ ಕೇಳಿದರು.

ಹಾಲಪ್ಪ ತಲೆ ತಗ್ಗಿಸಿದ. ಅವಳಿಗಿನ್ನೂ ಹೇಳಿಯೇ ಇಲ್ಲ, ಹೇಳಿದರೆ ತಡೆದುಕೊಳ್ಳಲಾರಳು, ತನ್ನ ಹೊತ್ತುಗೊತ್ತು ನೋಡಿಕೊಳ್ಳುವುದನ್ನು ಬಿಟ್ಟರೆ ಆ ಜೀವಕ್ಕೆ ಬೇರೆ ಪ್ರಪಂಚವಿಲ್ಲ ಎಂದ. ಹೇಳುವಾಗ ಅವನ ದನಿ ಒದ್ದೆಯಾಯಿತು.

"ಹಾಗಾದ್ರೆ ಮೆತ್ತಗೆ ಹೇಳು," ಎಂದರು ಅಜ್ಜಾರು. "ಅವಳು ಹೂಂ ಅಂದ ದಿನ ಕಾವಿ ನಿನ್ನದು."

ಹರಿಗೋಲಿನಲ್ಲಿ ಕೂತ ಹಾಲಪ್ಪ ದಾರಿಯುದ್ದಕ್ಕೂ ಸಮಾಧಾನದ ಮಾತುಗಳನ್ನು ಜೋಡಿಸಿದ. ಅತ್ತರೆ ಏನು ಹೇಳುವುದು, ಕಾಲು ಹಿಡಿದರೆ ಏನು ಹೇಳುವುದು, ಅನ್ನ ಬಿಟ್ಟು ಕೂತರೆ ಏನು ಮಾಡುವುದು, ಎಲ್ಲವನ್ನೂ ಯೋಚಿಸಿಟ್ಟುಕೊಂಡ.

ಓಣಿಯ ತಿರುವಿಗೆ ಬಂದಾಗ ಮೂಗಿಗೆ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಬಡಿಯಿತು. ಪಕ್ಕದ ಮನೆಯವರದಿರಬೇಕು ಅಂದುಕೊಂಡ. ಅವನಿಗೆ ಬೆಳ್ಳುಳ್ಳಿ ಆಗುತ್ತಿರಲಿಲ್ಲ, ಅದರ ವಾಸನೆಯೇ ಸೇರದು. ಮದುವೆಯಾದ ಹೊಸತರಲ್ಲೇ ಕೊಟ್ರಮ್ಮನಿಗೆ ಹೇಳಿದ್ದ. ಅಂದಿನಿಂದ ಅದು ಹೊಸಿಲು ದಾಟಿ ಒಳಗೆ ಬಂದದ್ದಿಲ್ಲ.

ಪಕ್ಕದ ಮನೆಗೆ ಬೀಗ ಹಾಕಿತ್ತು.

ತನ್ನ ಮನೆಯ ಬಾಗಿಲು ತೆರೆದೇ ಇತ್ತು. ಒಳಗೆ ಕಾಲಿಟ್ಟವನು ಮನೆ ತಪ್ಪಿತೇನೋ ಎಂದು ಒಮ್ಮೆ ಹಿಂದಕ್ಕೆ ನೋಡಿದ. ಪಡಸಾಲೆಯ ಮಂಚ ಕಿಟಕಿಯ ಪಕ್ಕಕ್ಕೆ ಹೋಗಿತ್ತು. ಅವನ ಟವೆಲ್ಲು ತೂಗುತ್ತಿದ್ದ ಮೊಳೆಗೆ ಒಂದು ರೇಡಿಯೋ ತೂಗುಬಿದ್ದಿತ್ತು, ಸಣ್ಣಗೆ ಹಾಡುತ್ತಲೂ ಇತ್ತು.

ಕೊಟ್ರಮ್ಮ ಹಿತ್ತಲ ಬಾಗಿಲಲ್ಲಿ ಕಾಲು ಚಾಚಿ ಕೂತು ಉಣ್ಣುತ್ತಿದ್ದಳು. ಊಟದ ಹೊತ್ತು ಎಂದೋ ಮೀರಿತ್ತು. ತಟ್ಟೆಯಲ್ಲಿ ರೊಟ್ಟಿ, ಪುಂಡಿಸೊಪ್ಪಿನ ಪಲ್ಯ. ಅದರ ಮೇಲೆ ಕೆಂಪಗೆ ಹುರಿದ ಬೆಳ್ಳುಳ್ಳಿ ಎಸಳು.

"ಬಂದ್ರಾ," ಎಂದು ಎದ್ದಳು. ಕೈ ತೊಳೆದು ನೀರು ಕೊಟ್ಟಳು. ಬಿಸಿಲಲ್ಲಿ ಬಂದೀರಿ, ಕೂತ್ಕೊಳ್ರಿ ಎಂದಳು. ಕೂರುವುದೆಲ್ಲಿ ಎಂದು ಹಾಲಪ್ಪನಿಗೆ ತಿಳಿಯಲಿಲ್ಲ. ತಾನು ಕೂರುತ್ತಿದ್ದ ಜಾಗದಲ್ಲಿ ಈಗ ಅವರೆಕಾಯಿ ಬುಟ್ಟಿಯಿತ್ತು. ನಿಂತೇ ಮಾತು ಶುರು ಮಾಡಿದ.

ಸಂಸಾರವೆಂದರೆ ನೀರ ಮೇಲಿನ ಗುಳ್ಳೆ ಎಂದ. ಬಂದವರೆಲ್ಲ ಹೋಗುವವರೇ ಎಂದ. ಧೈರ್ಯ ತಂದುಕೋ ಎಂದ. ತಾನು ಕಾವಿ ಉಡುವುದಾಗಿಯೂ ಇನ್ನು ಈ ಮನೆಗೆ ಮರಳುವುದಿಲ್ಲವೆಂದೂ ಹೇಳಿ, ಅವಳು ಕುಸಿದರೆ ಹಿಡಿಯೋಣವೆಂದು ಒಂದು ಹೆಜ್ಜೆ ಮುಂದೆ ಬಂದ.

"ಆಯ್ತು ರೀ," ಎಂದಳು ಕೊಟ್ರಮ್ಮ.

ಅವಳಿಗೆ ತಿಳಿದಿಲ್ಲ ಅಂದುಕೊಂಡ. ಮತ್ತೊಮ್ಮೆ, ಇನ್ನೂ ಬಿಡಿಸಿ ಹೇಳಿದ.

"ತಿಳೀತು ರೀ. ನೀವು ಅಲ್ಲೇ ಇರ್ತೀರಿ, ಇಲ್ಲಿಗೆ ಬರಲ್ಲ. ನನ್ನದೇನೂ ಅಡ್ಡಿ ಇಲ್ಲ ಅಂತ ಅಜ್ಜಾರಿಗೆ ಹೇಳ್ರಿ."

ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಅಳುವಿರಲಿಲ್ಲ. ಕೊಂಕು ಇದೆಯೇನೋ ಎಂದು ಹುಡುಕಿದ. ಅದೂ ಇರಲಿಲ್ಲ. ಹಾಲಪ್ಪ ಜೋಡಿಸಿ ತಂದಿದ್ದ ಸಮಾಧಾನದ ಮಾತು ಒಂದೂ ಬೇಕಾಗಲಿಲ್ಲ.

"ಉಣ್ತೀರಾ?" ಎಂದು ಕೇಳಿದಳು. "ಬೆಳ್ಳುಳ್ಳಿ ಹಾಕೀನಿ ಮತ್ತೆ."

"ನೀನು ಯಾವಾಗಿಂದ ಬೆಳ್ಳುಳ್ಳಿ ತಿನ್ನೋಕೆ ಹತ್ತಿದೆ?"

"ಸಣ್ಣಾಕಿ ಇದ್ದಾಗಿಂದ. ನನಗೆ ಬಾಳ ಇಷ್ಟ."

"ಮತ್ತೆ ಇಷ್ಟು ವರ್ಷ?"

ಕೊಟ್ರಮ್ಮ ಇದೇನು ಹೀಗೆ ಕೇಳುತ್ತಾರೆ ಎನ್ನುವಂತೆ ನೋಡಿದಳು.

"ನೀವಿದ್ರಲ್ಲ," ಎಂದಳು.

ಹಾಲಪ್ಪ ಊಟ ಬೇಡವೆಂದ. ಅವಳು ಒತ್ತಾಯ ಮಾಡಲಿಲ್ಲ. ಹೋಗುವಾಗ ಬಾಗಿಲ ತನಕ ಬಂದು, ಹೊಳೆಯಲ್ಲಿ ಹುಷಾರು ಎಂದಳು. ಅವನು ಓಣಿ ದಾಟುವ ಮೊದಲೇ ರೇಡಿಯೋದ ದನಿ ಸ್ವಲ್ಪ ಜೋರಾಯಿತು.

ಬೇಕಾದ್ದು ಸಿಕ್ಕಿತ್ತು. ಆದರೂ ಏನನ್ನೋ ಕಳೆದುಕೊಂಡವನ ಹಾಗೆ ಹಾಲಪ್ಪ ನಡೆದ. ಅವಳು ಅಳಲಿಲ್ಲ, ಒಳ್ಳೆಯದೇ ಆಯಿತು ಅಂದುಕೊಂಡ. ಹರಿಗೋಲಿನವನು ಏನೋ ಕೇಳಿದ. ಇವನು ಏನೋ ಹೇಳಿದ.

ಸಂಜೆ ಆಶ್ರಮ ತಲುಪಿದಾಗ ಅಜ್ಜಾರು ಜಗುಲಿಯಲ್ಲಿ ಮೊರ ಇಟ್ಟುಕೊಂಡು ಬೇಳೆಯಲ್ಲಿ ಕಲ್ಲು ಆರಿಸುತ್ತಿದ್ದರು. ಒಪ್ಪಿದಳು ಎಂದು ಹಾಲಪ್ಪ ಹೇಳಿದ.

ಅಜ್ಜಾರು ಮೊರ ಬದಿಗಿಟ್ಟು ಒಳಗೆ ಹೋದರು. ಮಡಿಸಿದ ಹೊಸ ಕಾವಿ ಬಟ್ಟೆ ತಂದು ಅವನ ಮುಂದಿಟ್ಟು, ಮತ್ತೆ ಬೇಳೆಗೆ ಕೈಹಾಕಿದರು.

ಹಾಲಪ್ಪನ ಕೈ ಮುಂದೆ ಹೋಗಲಿಲ್ಲ.

"ಯಾಕಪ್ಪ?"

"ಗೊತ್ತಾಗ್ತಿಲ್ಲ ಅಜ್ಜಾರೆ." ಅವನು ಅಲ್ಲೇ ಕುಸಿದು ಕೂತ. ಮಂಚ ಸರಿದದ್ದು, ಮೊಳೆಯ ಮೇಲಿನ ರೇಡಿಯೋ, ಹೊತ್ತಲ್ಲದ ಹೊತ್ತಿನ ಊಟ, ಎಲ್ಲವನ್ನೂ ತಡವರಿಸುತ್ತ ಹೇಳಿದ. ನಾನು ಬಿಟ್ಟು ಬಂದ ಮನೆಗೆ ಹೋಗಿದ್ದೆ, ಅಲ್ಲಿ ಆ ಮನೆಯೇ ಇರಲಿಲ್ಲ ಎಂದ. ತಾನು ಬಿಟ್ಟದ್ದರಿಂದ ಅಲ್ಲಿ ಯಾರಿಗೂ ಏನೂ ಕಡಿಮೆಯಾಗಿಲ್ಲ ಎಂದ. "ಹಾಗಾದ್ರೆ ನಾನು ಬಿಟ್ಟದ್ದು ಏನನ್ನ, ಅಜ್ಜಾರೆ?"

ಅಜ್ಜಾರು ಒಂದು ಕಲ್ಲು ಹೆಕ್ಕಿ ಅಂಗಳಕ್ಕೆಸೆದರು.

"ಏನು ಅಡಿಗೆ ಮಾಡಿದ್ದಳು?"

ಈ ಪ್ರಶ್ನೆ ಯಾಕೆ ಬಂತೆಂದು ಹಾಲಪ್ಪನಿಗೆ ಹೊಳೆಯಲಿಲ್ಲ. "ಪುಂಡಿಪಲ್ಯ. ಬೆಳ್ಳುಳ್ಳಿ ಒಗ್ಗರಣೆ ಹಾಕಿದ್ದಳು."

"ಹೆಂಗಿತ್ತು?"

"ನಾನು ಉಣ್ಣಲಿಲ್ಲ."

"ಕರೀಲಿಲ್ವಾ?"

"ಕರೆದಳು. ನನಗೆ ಬೆಳ್ಳುಳ್ಳಿ ಆಗಲ್ವಲ್ಲ ಅಜ್ಜಾರೆ."

ಹೇಳಿದ ಮಾತು ಹಾಲಪ್ಪನ ಕಿವಿಗೇ ಬಿತ್ತು. ಮುಂದಿದ್ದ ಕಾವಿಯನ್ನು ನೋಡಿದ. ಅಜ್ಜಾರನ್ನು ನೋಡಿದ. ಮತ್ತೆ ಕಾವಿಯನ್ನು ನೋಡಿದ.

ಅಜ್ಜಾರು ಕೈಗೆ ಹತ್ತಿದ ಬೇಳೆಯ ದೂಳು ಕೊಡವಿ, ಬಟ್ಟೆಯನ್ನು ಎತ್ತಿ ತಮ್ಮ ಮಡಿಲಲ್ಲಿ ಇಟ್ಟುಕೊಂಡರು.

"ಹೋಗು," ಎಂದರು. "ಉಂಡು ಬಾ."